ಹಿತ್ತಲಿಲ್ಲದ ಮನೆಯ ಚೆಂಡುಹೂ

ಕೆಲವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವ ಯೋಗವಿರುತ್ತದೆ, ಕೆಲವರಿಗೆ ಇಂಥ ಪ್ರಸಂಗಗಳ ಯೋಗ. ನಾನು ಎರಡನೆಯ ಪೈಕಿ. ಸುಮ್ಮನೆ ಕೂತರೂ ಒಂದಿಲ್ಲೊಂದು ನನ್ನನ್ನು ಹುಡುಕಿಕೊಂಡು ಬರುತ್ತದೆ. ಏನಾದರೂ ಮಾಡಲು ಹೋದರಂತೂ ಮುಗಿಯಿತು. ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ನಾನು ಗುಮಾಸ್ತ. ಮನೆ ರಾಯಚೂರಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಬಸ್ಸು ತಪ್ಪೀತೆಂದು ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುತ್ತೇನೆ. ಬಸ್ಸು ಸಿಕ್ಕ ಮೇಲೆ, ಗ್ಯಾಸ್ ಬಂದ್ ಮಾಡಿದ್ದೆವೋ ಇಲ್ಲವೋ ಎಂದು ಹೆಂಡತಿಗೆ ಫೋನು ಮಾಡುತ್ತೇನೆ. ಆಕೆ ಆ ಹೊತ್ತಿಗೆ ಗ್ಯಾಸಿನ ಮುಂದೆಯೇ ನಿಂತು ರೊಟ್ಟಿ ಬಡಿಯುತ್ತಿರುತ್ತಾಳೆ. ಇಂಥ ಗಾಬರಿಯ ಮನುಷ್ಯ ಹೋದ ವರ್ಷ ಚೆಂಡುಹೂ ಬೆಳೆಯಲು ಹೊರಟ.

೧. ಮಾತು ಜಾರಿದ್ದು

ನಮ್ಮ ಒಬ್ಬಳೇ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದೇವೆ. ಮದುವೆಯಲ್ಲಿ ನಾನು ತರಿಸಿದ್ದ ಮಾಲೆ ಅಳಿಯನ ಕೊರಳಿಗೆ ಬೀಳುತ್ತಲೇ ಹೂವೆಲ್ಲ ಉದುರಿ, ಕೊರಳಲ್ಲಿ ದಾರ ಮಾತ್ರ ಉಳಿಯಿತು. ಬೀಗಿತ್ತಿ, ಅಂದರೆ ಅಳಿಯನ ತಾಯಿ, ಅದನ್ನು ನೋಡಿದರು. ಏನೂ ಅನ್ನಲಿಲ್ಲ. ಏನೂ ಅನ್ನದ ಬೀಗಿತ್ತಿಯಷ್ಟು ಹೆದರಿಕೆ ಹುಟ್ಟಿಸುವವರು ಬೇರೆ ಯಾರೂ ಇಲ್ಲ. ಎರಡು ವರ್ಷ ಆ ಮಾಲೆ ನನ್ನ ಕನಸಿನಲ್ಲಿ ಉದುರುತ್ತಲೇ ಇತ್ತು.

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಮಗಳು ಬಸುರಿ ಎಂದು ಸುದ್ದಿ ಬಂತು. ಆಗ ಮೂರನೆಯ ತಿಂಗಳು. ಹಣ್ಣುಹಂಪಲು ತೆಗೆದುಕೊಂಡು ದೇವದುರ್ಗಕ್ಕೆ ಹೋದೆವು. ಚಹಾ ಕೊಡುತ್ತಾ ಬೀಗಿತ್ತಿ ಕುಬಸದ, ಅಂದರೆ ಸೀಮಂತದ, ಮಾತು ತೆಗೆದು ಅಂದರು, “ಏಳನೇ ತಿಂಗಳಿಗೆ ಕುಬಸ ಮಾಡೋಣ್ರಿ ಬೀಗರ. ನೀವು ಸೀರಿ, ಖಣ ತಂದು ಉಡಿ ತುಂಬ್ರಿ ಸಾಕು. ಹೂವಿನ ಚಿಂತಿ ನಿಮಗ ಬ್ಯಾಡ. ಇಲ್ಲೇ ತರಸ್ತೀವಿ.”

ಅವರು ‘ಹೂವಿನ ಚಿಂತಿ’ ಎಂದದ್ದೇ ನನಗೆ ನಾಟಿತು. ಬಾಯಿ ನನ್ನ ಮಾತು ಕೇಳಲಿಲ್ಲ. “ಪ್ಯಾಟಿ ಹೂ ಯಾಕ್ರೀ ಬೀಗ್ತ್ಯಾರ? ಬಾಗಿಲಕ್ಕ, ಮಂಟಪಕ್ಕ, ನಿಮ್ಮ ಸೊಸಿ ಕೊರಳಿಗೆ, ಎಲ್ಲಾ ಚಂಡು ಹೂ ನಮ್ಮ ಹಿತ್ತಲದ್ದ ತರ್ತೀನಿ. ಒಂದು ಹೂ ಹೊರಗಿಂದು ಇರಂಗಿಲ್ಲ.”

ಬಸ್ಸು ದೇವದುರ್ಗ ದಾಟಿದ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು, “ಅಲ್ರೀ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮಗ ಹಿತ್ತಲ ಎಲ್ಲಿ ಅದ?”

೨. ಬಾಗಿಲು

ಹಿತ್ತಲಿರಲಿಲ್ಲ. ಮನೆಯ ಮುಂದೆ, ಕಟ್ಟೆಗೂ ಕಾಂಪೌಂಡಿಗೂ ನಡುವೆ ನಾಲ್ಕು ಮಂಚ ಹಿಡಿಯುವಷ್ಟು ಮಣ್ಣಿನ ಜಾಗವಿತ್ತು. ಅಲ್ಲಿ ಕೆಟ್ಟುಹೋದ ಒಂದು ಕೂಲರ್ ಬಿದ್ದಿತ್ತು. ಅದನ್ನು ಮಾಳಿಗೆಗೆ ಸಾಗಿಸಿ ನೆಲ ಅಗೆದೆ. ಬೀಜ ತರಲು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವ್ವ ತಡೆದಳು. ಅವ್ವನಿಗೆ ಎಂಬತ್ತು ದಾಟಿದೆ. ಆಕೆಗೆ ಅರ್ಧ ಮಾತು ಕೇಳುವುದಿಲ್ಲ. ಕೇಳಿದ ಅರ್ಧವನ್ನು ಆಕೆ ಬಿಡುವುದಿಲ್ಲ.

“ಬೀಜಾ ಯಾಕ ತರ್ತೀಯೋ ಯಪ್ಪಾ? ದೀಪಾವಳಿ ಮಾಲಿ ಬಾಗಿಲದಾಗ ಜೋತಾಡಾಕತ್ತದ. ಅದನ್ನ ಹುಗಿ.”

ನಿಜ, ಹಿಂದಿನ ದೀಪಾವಳಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಇನ್ನೂ ಬಾಗಿಲಲ್ಲಿತ್ತು. ಒಣಗಿ ಚಹಾಪುಡಿಯ ಬಣ್ಣಕ್ಕೆ ತಿರುಗಿತ್ತು. ಹೂ ಬಿಚ್ಚಿ, ಬೀಜ ಉದುರಿಸಿ, ಬೇರೆಬೇರೆಯಾಗಿ ಚೆಲ್ಲಬೇಕು ಎಂದು ನನಗೆ ಹೇಳುವವರು ಯಾರೂ ಇರಲಿಲ್ಲ. ಬಾಗಿಲಲ್ಲಿ ಹೇಗಿತ್ತೋ ಹಾಗೆಯೇ, ದಾರದ ಸಮೇತ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿದೆ. ಆಮೇಲೆ ದಿನಕ್ಕೆ ಐದು ಸಲ ಬಗ್ಗಿ ನೋಡಿದೆ. ಬೀಜ ಕೊಳೆಯಿತೇನೋ ಎಂದು ಎರಡು ಸಲ ಕೆದಕಿಯೂ ನೋಡಿದೆ. ಎಂಟನೆಯ ದಿನ ಹಸಿರು ಕಂಡಾಗ ನನಗೆ ಹೊಟ್ಟೆತುಂಬ ಊಟ ಸೇರಿತು.

ನಮ್ಮ ಶಾಲೆಯ ಮಾಸ್ತರರೊಬ್ಬರು ಮಟಮಾರಿಯ ಒಕ್ಕಲುತನದ ಮನೆಯವರು. ಈಗ ರಾಯಚೂರಿನಲ್ಲೇ ಮನೆ ಮಾಡಿಕೊಂಡು ನನ್ನ ಜೊತೆ ಅದೇ ಬಸ್ಸಿಗೆ ಬರುತ್ತಾರೆ. ರವಿವಾರ ಅವರನ್ನು ಕರೆತಂದು ತೋರಿಸಿದೆ. ಎಡಕ್ಕೆ ನೆಟ್ಟಗೆ ಒಂದು ಸಾಲು, ಬಲಕ್ಕೆ ನೆಟ್ಟಗೆ ಒಂದು ಸಾಲು, ಮೇಲುಗಡೆ ಎರಡನ್ನೂ ಕೂಡಿಸುವ ಒಂದು ಜೋಲು ಸಾಲು. ಮಾಲೆ ಬಾಗಿಲಿಗೆ ಕಟ್ಟಿದ್ದ ಹಾಗೆಯೇ ಸಸಿಗಳು ಎದ್ದಿದ್ದವು. ಮಾಸ್ತರರು ಈ ಕಡೆಯಿಂದ ನೋಡಿದರು, ಆ ಕಡೆ ಹೋಗಿ ನೋಡಿದರು.

“ಸಸಿ ಚಂದ ಬಂದಾವ್ರೀ,” ಅಂದರು. “ಒಳಗ ಹೋಗಬೇಕಾದ್ರ ಚಪ್ಪಲಿ ಬಿಡಬೇಕೇನ್ರಿ?”

೩. ಕಡಲೆ

ಮಾಸ್ತರರ ಮಾತಿನಂತೆ ಸಸಿ ಕಿತ್ತು ಮೊಳಕ್ಕೊಂದರಂತೆ ನೆಟ್ಟೆ. “ಕುರಿ ಹಿಕ್ಕಿ ಹಾಕ್ರಿ, ಹೂ ಹೆಂಗ ಬರ್ತಾವ ನೋಡ್ರಿ,” ಅಂದರು. ಮಾನ್ವಿಯ ಹೊರವಲಯದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸುವ ಒಂದು ಹೊಲವಿತ್ತು. ಅಲ್ಲಿಂದ ಒಣ ಹಿಕ್ಕಿಯನ್ನು ಕೈಚೀಲ ತುಂಬ ತಂದು ಬಸ್ಸು ಹತ್ತಿದೆ.

“ಚೀಲದಾಗ ಏನ್ರಿ?” ಕಂಡಕ್ಟರ್ ಕೇಳಿದ.

ಗೊಬ್ಬರವೆಂದರೆ ಇಳಿಸಿಬಿಟ್ಟಾನೆಂಬ ಭಯ. “ಕಡ್ಲಿರೀ,” ಅಂದೆ. ಹಿಂದಿನ ಸೀಟಿನಲ್ಲಿದ್ದ ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿ, ನನ್ನ ಗುರುತೇ ಇಲ್ಲದವರಾದರು.

ನನ್ನ ಪಕ್ಕದಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡ ಹಿರಿಯರೊಬ್ಬರಿದ್ದರು. ಕಡಲೆ ಎಂದದ್ದು ಅವರ ಕಿವಿಗೂ ಬಿತ್ತು. “ಈ ವರ್ಷದ್ದೇನು ತಮ್ಮಾ?” ಎಂದರು. ಹೌದೆಂದೆ. “ನಿಮ್ಮ ಹೊಲದ್ದೇನು?” ಅದಕ್ಕೂ ಹೌದೆಂದೆ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ತಾನಾಗಿ ಬರುತ್ತದೆ. ಹಿರಿಯರು ಸಲಿಗೆಯಿಂದ ಚೀಲದೊಳಗೆ ಕೈ ಹಾಕಿ ನಾಲ್ಕು ತೆಗೆದರು. ಅಂಗೈಯಲ್ಲಿ ಹೊರಳಿಸಿದರು. ಮೂಸಿದರು.

“ಕಡ್ಲಿ ಹೌದು,” ಅಂದರು ಅವರು, ನಾಲ್ಕನ್ನೂ ಚೀಲಕ್ಕೆ ವಾಪಸು ಹಾಕಿ. “ಆದ್ರ ನಿನಕಿಂತ ಮೊದ್ಲ ಒಂದು ಕುರಿ ತಿಂದದ.”

೪. ಬಂತಿ

ನಮ್ಮ ಎದುರು ಮನೆಯಾಕೆ ತೆಲುಗಿನವರು. ಅವರ ಭಾಷೆಯಲ್ಲಿ ಚೆಂಡುಹೂವಿಗೆ ಬಂತಿ ಎಂದು ಹೆಸರು. ಬಲು ಒಳ್ಳೆಯ ಹೆಂಗಸು. ಒಂದು ಆಡು ಸಾಕಿದ್ದಾರೆ. ಆಡು ಮಾತ್ರ ಒಳ್ಳೆಯದಲ್ಲ. ನಮ್ಮ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ತಾಸುಗಟ್ಟಲೆ ಸಸಿಗಳನ್ನೇ ನೋಡುತ್ತಾ ನಿಲ್ಲುತ್ತಿತ್ತು. ನಾನು ಗೇಟಿಗೆ ತಂತಿ ಬಿಗಿದೆ. ಬಿಗಿದದ್ದು ಸಾಲದೆನಿಸಿ ದಿನಾ ಬಸ್‌ಸ್ಟ್ಯಾಂಡಿನ ಅರ್ಧ ದಾರಿಯಿಂದ ವಾಪಸು ಬಂದು ಎಳೆದು ನೋಡಿ ಹೋಗುತ್ತಿದ್ದೆ.

ಒಂದು ಬೆಳಗ್ಗೆ ಆಕೆ ಗೇಟಿನ ಹತ್ತಿರ ನಿಂತು, ಕಟ್ಟೆಯ ಮೇಲೆ ಕೂತಿದ್ದ ಅವ್ವನನ್ನು ಕೇಳಿದರಂತೆ, “ಬಂತಿ ಬಂತಾ ಅಮ್ಮಾ?”

ಅವ್ವನ ಕಿವಿಗೆ ಅದು ವಾಂತಿ ಎಂದು ಬಿತ್ತು. ಆಕೆಗೆ ಹಗಲೆಲ್ಲ ಮೊಮ್ಮಗಳ ಬಸಿರಿನದೇ ಧ್ಯಾನ.

“ಮೊದ್ಲು ಭಾಳ ಇತ್ತು ಯವ್ವಾ,” ಅಂದಳು ಅವ್ವ. “ದಿನಕ್ಕ ನಾಕೈದು ಸಲ. ಈಗ ನಿಂತದ.”

“ಅಯ್ಯೋ, ಯಾಕ ನಿಂತಿತು?”

“ನಾಕು ತಿಂಗಳು ತುಂಬಿದ್ವಲ್ಲ. ಇನ್ನ ಬರಂಗಿಲ್ಲ. ಬಂದ್ರೂ ನಿಂಬಿಹಣ್ಣು ಮೂಸಿದ್ರ ಸರಿ ಹೋಗ್ತದ.”

ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಓಣಿಯೆಲ್ಲ ಸುದ್ದಿ. ನಮ್ಮ ಚೆಂಡುಹೂ ಗಿಡಗಳು ಹೂ ಬಿಡುವುದನ್ನು ನಿಲ್ಲಿಸಿವೆ ಎಂದು ಇಬ್ಬರು ದಾರಿಯಲ್ಲೇ ಸಮಾಧಾನ ಹೇಳಿದರು. ಗಿಡಗಳು ಇನ್ನೂ ಗೇಣುದ್ದ ಇವೆ, ಮೊಗ್ಗೇ ಕಂಡಿಲ್ಲ ಎಂಬುದು ಆ ಗಾಬರಿಯಲ್ಲಿ ನನಗೇ ಹೊಳೆಯಲಿಲ್ಲ. ಓಡಿಬಂದು ನೋಡಿದರೆ ಪ್ರತಿ ಸಸಿಯ ಬುಡದಲ್ಲಿ ಅರ್ಧರ್ಧ ಹೋಳು ನಿಂಬೆಹಣ್ಣು.

ಹೆಂಡತಿ ಅಂದಳು, “ಎದುರು ಮನಿಯಾಕಿ ಇಟ್ಟು ಹೋಗ್ಯಾರ. ಎರಡು ದಿನದಾಗ ಆರಾಮ ಆಗ್ತಾವಂತ.”

೫. ಕುಡಿ

ನೆಟ್ಟು ತಿಂಗಳಾದಾಗ ಗಿಡಗಳು ಮೊಳಕಾಲಿಗೆ ಬಂದವು. ಒಂದು ಸಂಜೆ ಮಾಸ್ತರರು ಫೋನು ಮಾಡಿದರು. ಒಂದು ಮಾತೂ ತಪ್ಪಿಹೋಗಬಾರದೆಂದು ನಾನು ಯಾವಾಗಲೂ ಸ್ಪೀಕರ್ ಹಾಕಿ ಮಾತಾಡುತ್ತೇನೆ. ಅದೇ ತಪ್ಪಾಯಿತು.

“ಈಗ ಕುಡಿ ಚೂಟಿ ಒಗೀರಿ,” ಎಂದರು ಮಾಸ್ತರರು ದೊಡ್ಡ ದನಿಯಲ್ಲಿ. “ಅಯ್ಯೋ ಪಾಪ ಅನಬ್ಯಾಡ್ರಿ. ಒಂದು ಕುಡಿ ಹೋದ್ರ ಎರಡು ಬರ್ತಾವ.”

ಗಿಡದ ತುದಿಯ ಚಿಗುರಿಗೆ ಕುಡಿ ಎನ್ನುತ್ತಾರೆ. ಅದನ್ನು ಚಿವುಟಿದರೆ ಗಿಡ ಕವಲೊಡೆದು ಹೂ ಜಾಸ್ತಿಯಾಗುತ್ತದೆ. ಆದರೆ ಮನೆಯಲ್ಲಿ ಹುಟ್ಟಲಿರುವ ಕೂಸಿಗೂ ನಾವು ಕುಡಿ ಎಂದೇ ಅನ್ನುವುದು. ಅವ್ವ ಕೋಲೂರಿ ಎದ್ದು ನಿಂತಳು.

“ಬಸರಿ ಮಗಳ ಇಟಗೊಂಡು ಈ ಮನಿಯಾಗ ಕುಡಿ ಚೂಟ್ತೀಯಾ? ನನ್ನ ಜೀವ ಇರೋ ತನಕ ಆಗಂಗಿಲ್ಲ.”

“ಅವ್ವಾ, ಅದು ಗಿಡದ ಕುಡಿ.”

“ಕುಡಿ ಅಂದ್ರ ಕುಡಿನ.”

ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಯಿತು. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೆ ಮಗಳ ವಿಷಯ. ಫೋನಿನಲ್ಲಿ ಆಕೆ ಒಮ್ಮೆ ಕೆಮ್ಮಿದರೆ ನನಗೆ ಅನ್ನ ಇಳಿಯದ ದಿನಗಳವು. ಈಚೆಗೆ ಆಕೆ ಮಾತು ಬೇಗ ಮುಗಿಸುತ್ತಿದ್ದಳು, ಏನೋ ಮುಚ್ಚಿಡುತ್ತಿದ್ದಾಳೆ ಎಂದೂ ಅನಿಸುತ್ತಿತ್ತು. ಕುಡಿ ಚಿವುಟದಿದ್ದರೆ ಗಿಡಕ್ಕೆ ಒಂದೇ ಒಂದು ಹೂ, ಬೀಗಿತ್ತಿಯ ಮುಂದೆ ಎರಡನೆಯ ಸಲ ಮಾನ ಹೋಗುತ್ತದೆ. ಚಿವುಟಿದ ಮೇಲೆ ಮಗಳಿಗೆ ಏನಾದರೂ ಆದರೆ, ಆಮೇಲೆ ನಾನು ನನ್ನ ಕೈಗಳನ್ನು ನೋಡಿಕೊಳ್ಳುವುದು ಹೇಗೆ?

ಅವ್ವನಿಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ. ಮನೆಯ ಕತ್ತರಿ, ಬ್ಲೇಡು, ಕಡೆಗೆ ನನ್ನ ನೇಲ್‌ಕಟರನ್ನೂ ತನ್ನ ದಿಂಬಿನ ಕೆಳಗಿಟ್ಟುಕೊಂಡು, ಕಟ್ಟೆಯ ಮೇಲೆ ಮಂಚ ಹಾಕಿಸಿ ಕಾವಲು ಕೂತಳು. ಹದಿನೈದು ದಿನ ಕಳೆಯುವಷ್ಟರಲ್ಲಿ ನನ್ನ ಉಗುರು ಎಷ್ಟು ಬೆಳೆದವೆಂದರೆ ಹೆಡ್‌ಮಾಸ್ತರರು ಹಾಜರಿ ಪುಸ್ತಕ ಕೊಡುವಾಗ ಕೈ ಹಿಂದೆ ತೆಗೆದುಕೊಂಡರು.

“ಹರಕಿ ಏನಾದ್ರೂ ಹೊತ್ತೀರೇನ್ರಿ?” ಎಂದು ಕೇಳಿದರು.

“ಹೌದ್ರೀ,” ಅಂದೆ. “ನಮ್ಮವ್ವ ಹೊತ್ತಾಳ.”

೬. ಆಡು

ಒಂದು ಮಧ್ಯಾಹ್ನ ಶಾಲೆಗೆ ಹೆಂಡತಿಯ ಫೋನು ಬಂತು. “ಗಾಬರಿ ಆಗಬ್ಯಾಡ್ರಿ,” ಎಂದು ಶುರುಮಾಡಿದಳು. ಯಾರಾದರೂ ಹೀಗೆ ಶುರುಮಾಡಿದರೆ ನಾನು ಮೊದಲು ಹತ್ತಿರದ ಗೋಡೆ ಹಿಡಿಯುತ್ತೇನೆ.

“ಮಗಳಿಗೆ ಏನಾತು?”

“ಮಗಳಿಗೆ ಏನಾಗಿಲ್ಲ. ಆಡು ಬಂದಿತ್ತು.”

ಅವ್ವ ಕೂತಲ್ಲೇ ತೂಕಡಿಸಿದ್ದಳು. ಹಾಲಿನವರು ಬಂದಾಗ ಬಿಚ್ಚಿದ ಗೇಟಿನ ತಂತಿಯನ್ನು ಮತ್ತೆ ಬಿಗಿಯಲು ಹೆಂಡತಿ ಮರೆತಿದ್ದಳು. ಆಡು ತಿಂಗಳಾನುಗಟ್ಟಲೆ ಕಾದದ್ದಕ್ಕೆ ಅರ್ಧ ಗಂಟೆ ಪುರಸತ್ತು ಸಿಕ್ಕಿತು. ನಾನು ಬಂದು ನೋಡುವಾಗ ಒಂದು ಗಿಡಕ್ಕೂ ತುದಿ ಇರಲಿಲ್ಲ. ಕೆಳಗಿನ ಘಾಟು ವಾಸನೆಯ ಬಲಿತ ಎಲೆಗಳನ್ನು ಬಿಟ್ಟು ಎಳೆ ಕುಡಿಗಳನ್ನು ಮಾತ್ರ ಆರಿಸಿ ತಿಂದಿತ್ತು. ಎದುರು ಮನೆಯಾಕೆ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ನಾನು ಆ ಗಿಡಗಳ ನಡುವೆ ಪ್ಯಾಂಟಿನ ಪರಿವೆಯಿಲ್ಲದೆ ಮಣ್ಣಲ್ಲಿ ಕೂತುಬಿಟ್ಟೆ. ಹೇಳಲು ನಾಚಿಕೆಯೇನು, ಕಣ್ಣಲ್ಲಿ ನೀರೂ ಬಂತು. ಕುಬಸಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ.

ಅವ್ವ ಎಲ್ಲ ಗಿಡಗಳನ್ನೂ ಕೋಲಿನಿಂದ ಮುಟ್ಟಿ ನೋಡಿದಳು. “ಚೂಟಿದ್ದು ಆಡು. ನಮ್ಮ ಮನಿಯವರ ಕೈ ಹತ್ತಿಲ್ಲ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೂ…” ಎಂದು ಒಳಗೆ ಹೋದಳು. ಆ ‘ಆದ್ರೂ’ ನನ್ನ ತಲೆಯಲ್ಲೇ ಉಳಿಯಿತು.

ಮಾಸ್ತರರಿಗೆ ಹೇಳಿಕಳಿಸಿದೆ. ಅವರು ಬಂದು, ಒಂದೊಂದೇ ಗಿಡದ ಮುಂದೆ ಬಗ್ಗಿ ನೋಡುತ್ತಾ ಕೊನೆಯ ಗಿಡದ ತನಕ ಹೋದರು.

“ಇಷ್ಟು ಛಲೋ ಕುಡಿ ಚೂಟಿದ್ದು ನಾ ನೋಡಿಲ್ರೀ,” ಅಂದರು. “ಆ ಆಡು ಯಾರದು? ಎರಡು ದಿನ ಮಟಮಾರಿಗೆ ಕಳಿಸ್ತಾರೇನು ಕೇಳ್ರಿ.”

೭. ಜವಳಿ

ಮಾಸ್ತರರ ಮಾತು ಸುಳ್ಳಾಗಲಿಲ್ಲ. ಒಂದು ತುದಿ ಹೋದಲ್ಲಿ ಎರಡು ಕವಲು, ಕವಲಿಗೆ ಮತ್ತೆರಡು. ತಿಂಗಳೊಳಗೆ ಗಿಡಗಳು ಪೊದೆಯಾಗಿ ಮೈತುಂಬ ಮೊಗ್ಗು ಹಿಡಿದವು. ಧೈರ್ಯ ಮಾಡಿ ಬೀಗಿತ್ತಿಗೆ ಫೋನು ಮಾಡಿದೆ. ಹೂವಿನ ಸುದ್ದಿಯನ್ನು ಅವರು ಅರ್ಧದಲ್ಲೇ ತಡೆದರು.

“ಅದಿರಲಿ ಬೀಗರ. ಒಂದು ಕೇಳ್ತೀನಿ. ನಿಮ್ಮ ಮನಿತನದಾಗ ಜವಳಿ ಅದ ಏನ್ರಿ?”

ಜವಳಿ ಎಂದರೆ ನನಗೆ ಬಟ್ಟೆಬರೆ. ಕಾರ್ಯಕ್ಕೆ ಎಷ್ಟು ಸೀರೆ ತರುತ್ತೀರಿ ಎಂದು ಸೂಕ್ಷ್ಮವಾಗಿ ಕೇಳುತ್ತಿದ್ದಾರೆ, ಈಗ ಹಿಂಜರಿದರೆ ಕೆಟ್ಟೆ ಅಂದುಕೊಂಡೆ.

“ಏನ್ ಮಾತ್ರಿ ಬೀಗ್ತ್ಯಾರ. ನಮ್ಮ ಮನಿತನದಾಗ ಜವಳಿ ಇಲ್ದ ಒಂದು ಕಾರ್ಯನೂ ಆಗಿಲ್ಲ. ನಮ್ಮಜ್ಜನ ಕಾಲದಿಂದ ನಡಕೊಂತ ಬಂದದ.”

“ಹಂಗಾದ್ರ ಎರಡು ಇರ್ತಾವ ಅಂತೀರೇನ್ರಿ?” ಅವರ ದನಿ ಸಣ್ಣಗಾಗಿತ್ತು.

ಎರಡು ಸೀರೆ ಕಮ್ಮಿಯೆನಿಸಿತೇನೋ ಎಂದು ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. “ಎರಡಕ್ಕ ನಿಲ್ಲಂಗಿಲ್ರೀ. ಮೂರಾದ್ರೂ ಆಗ್ಲಿ, ನಾ ತಯಾರ ಅದೀನಿ.”

ಫೋನು ನೆಲಕ್ಕೆ ಬಿದ್ದ ಸಪ್ಪಳ ಕೇಳಿಸಿತು. ಸಂತೋಷಕ್ಕೆ ಬಿತ್ತೆಂದುಕೊಂಡು ಹೆಂಡತಿಯನ್ನು ಅಂಗಡಿಗೆ ಹೊರಡಿಸಿದೆ.

೮. ಕುಬಸ

ಕುಬಸದ ದಿನ ಐದು ಬುಟ್ಟಿ ಹೂ ಆಯಿತು. ಮಾಲೆಗಳನ್ನು ನಾನೇ ಎರಡೆಳೆ ದಾರದಲ್ಲಿ ಕಟ್ಟಿದ್ದೆ. ಅಳಿಯನ ಮದುವೆಯ ಮಾಲೆ ನೆನಪಿತ್ತಲ್ಲ, ಒಂದೊಂದನ್ನೂ ಕೊರಳಿಗೆ ಹಾಕಿಕೊಂಡು ಅಂಗಳದಲ್ಲಿ ಮೂರು ಮೂರು ಸಲ ಕುಣಿದು ನೋಡಿದೆ. ಎದುರು ಮನೆಯಾಕೆ ತಮ್ಮ ಕಟ್ಟೆಯಿಂದ ನೋಡಿ ಕೈಮುಗಿದರು. ಬುಟ್ಟಿಗಳನ್ನು ಬಾಡಿಗೆಯ ಕ್ರೂಸರ್ ಗಾಡಿಗೆ ಹೇರಿ, ಮೂರು ಹಸಿರು ಸೀರೆಗಳ ಗಂಟನ್ನು ಹೆಂಡತಿಯ ತೊಡೆಯ ಮೇಲಿಟ್ಟು, ಅವ್ವನನ್ನು ಮುಂದೆ ಕೂರಿಸಿ ದೇವದುರ್ಗ ಮುಟ್ಟಿದೆವು.

ಬೀಗಿತ್ತಿ ಬಾಗಿಲಲ್ಲೇ ಒಂದು ಮಾಲೆ ಎತ್ತಿ ಎಳೆದು ನೋಡಿದರು. ಒಂದು ಎಸಳೂ ಉದುರಲಿಲ್ಲ. ಏನೂ ಅನ್ನಲಿಲ್ಲ. ನಾನು ಮಗಳ ಕಡೆ ತಿರುಗಿದೆ. ಏಳು ತಿಂಗಳಿಗೆ ಇಷ್ಟು ದೊಡ್ಡ ಹೊಟ್ಟೆಯೇ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೀಗಿತ್ತಿ ನಮ್ಮೆಲ್ಲರನ್ನೂ ಒಳಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಬೀಗರ, ಕುಂದರ್ರಿ. ಗಾಬರಿ ಆಗಬ್ಯಾಡ್ರಿ.”

ನಾನು ಗೋಡೆ ಹಿಡಿದೆ.

“ಎರಡು ಕೂಸು ಅದಾವ್ರೀ. ಜವಳಿ. ಸ್ಕ್ಯಾನಿನಾಗ ಆಗ್ಲೇ ಗೊತ್ತಾಗಿತ್ತು. ಅಪ್ಪಗ ಹೇಳಿದ್ರ ಊಟ ಬಿಡ್ತಾನ, ಈಗ ಹೇಳಬ್ಯಾಡ್ರಿ ಅಂತ ನಿಮ್ಮ ಮಗಳು ನನ್ನ ಕೈ ಹಿಡದ್ಲು. ಅದಕ್ಕ ನಿಮ್ಮ ಮನಿತನದಾಗ ಜವಳಿ ಮಕ್ಕಳು ಅದಾವೇನು ಅಂತ ಸುತ್ತಿ ಕೇಳಿದೆ. ನೀವು ಜವಳಿ ಇಲ್ದ ಕಾರ್ಯನ ಆಗಿಲ್ಲ ಅಂದ್ರಿ. ಮೂರಾದ್ರೂ ತಯಾರ ಅದೀನಿ ಅಂದ್ರಿ. ಅವತ್ತಿಂದ ನನಗ ನಿದ್ದಿ ಹತ್ತಿಲ್ರೀ. ಮೂರನೇದು ಎಲ್ಲ್ಯಾದ್ರೂ ಹಿಂದ ಅಡಗ್ಯದೇನು ನೋಡ್ರಿ ಅಂತ ಡಾಕ್ಟ್ರಿಗೆ ಕೈಮುಗಿದೀನಿ.”

ಗಾಬರಿ ಎಂಬುದು ಲೋಕದಲ್ಲಿ ನನ್ನೊಬ್ಬನ ಆಸ್ತಿ ಅಂದುಕೊಂಡಿದ್ದೆ. ಬೀಗಿತ್ತಿಯ ಕಣ್ಣ ಕೆಳಗಿನ ಕಪ್ಪು ಆಗ ಕಾಣಿಸಿತು. ಆ ಹೆಂಗಸಿಗೆ ಎರಡು ವರ್ಷ ಹೆದರಿದ್ದೆ. ನನ್ನ ಮಗಳಿಗಾಗಿ ಅವರೂ ನಿದ್ದೆಗೆಟ್ಟಿದ್ದರು. ಹೂವು, ಮಾನ, ಮಾಲೆ ಯಾವುದೂ ನೆನಪಿಗೆ ಬರಲಿಲ್ಲ. ಮಗಳ ಕೈ ಹಿಡಿದು, “ಆರಾಮ ಅದೀಯೇನವ್ವಾ?” ಎಂದು ಕೇಳಿದೆ.

“ಮೂರೂ ಮಂದಿ ಆರಾಮ ಅದೀವಿ ಅಪ್ಪಾ,” ಅಂದಳು.

ಅವ್ವ ಇಷ್ಟು ಹೊತ್ತು ಎಲ್ಲರ ಬಾಯಿ ನೋಡುತ್ತಾ ಕೂತಿದ್ದಳು. “ಏನಂತ?” ಎಂದಳು. ಹೆಂಡತಿ ಆಕೆಯ ಕಿವಿಗೆ ಬಾಯಿಟ್ಟು, “ಎರಡು ಕೂಸು ಅದಾವಂತ,” ಎಂದು ಕೂಗಿದಳು.

ಅವ್ವ ಮೊಮ್ಮಗಳ ಹೊಟ್ಟೆ ನೋಡಿದಳು. ಬುಟ್ಟಿಯ ಹೂವು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಒಂದು ಕುಡಿ ಹೋದ್ರ ಎರಡು ಬರ್ತಾವ ಅಂತ ನಿಮ್ಮ ಮಾಸ್ತರ ಹೇಳಿದ್ನಿಲ್ಲ? ಚೂಟಬ್ಯಾಡ ಅಂತ ನಾ ಬಡಕೊಂಡೆ.”

“ನಾ ಚೂಟಿಲ್ಲವ್ವಾ. ಆಡು.”

“ಗೊತ್ತದ,” ಅಂದಳು ಅವ್ವ, ಮೊಮ್ಮಗಳ ನೆತ್ತಿ ಸವರುತ್ತಾ. “ಪುಣ್ಯಾಕ್ಕ ಒಂದ ಸಲ ಮೇದು ಹೋತು.”